ಅಮ್ಮನ ಮೊಬೈಲು, ಮಗುವಿನ ಕೈ: ಪ್ರಾಥಮಿಕ ತರಗತಿಗೆ ಆನ್‌ಲೈನ್ ಸುರಕ್ಷತೆ ಕಲಿಸುವವರಿಗೆ ಟಿಪ್ಪಣಿ

ಡಿ.ಎಲ್.ಇಡಿ (ಪ್ರಾಥಮಿಕ ಶಿಕ್ಷಕರ ತರಬೇತಿ) ಇಂಟರ್ನ್‌ಶಿಪ್‌ಗೆ ಹೊರಡುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕನೇ ತರಗತಿಗೆ ಈ ವಿಷಯದ ಮೇಲೆ ಐದು ಪೀರಿಯಡ್ ತೆಗೆದುಕೊಂಡಿದ್ದೆ. ಮೊದಲನೆಯದು ದಡ ಸೇರಲಿಲ್ಲ. ಯಾಕೆ ಅನ್ನುವುದು ನಿಮಗೆ ಉಪಯೋಗವಾಗಬಹುದು.

ಅವತ್ತು ಬೋರ್ಡಿನ ಮೇಲೆ ಬರೆದೆ: ‘ನಿಮ್ಮ ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಗೊತ್ತಿಲ್ಲದವರ ಫ್ರೆಂಡ್ ರಿಕ್ವೆಸ್ಟ್ ಒಪ್ಪಬೇಡಿ.’ ಮಕ್ಕಳು ನೀಟಾಗಿ ಬರೆದುಕೊಂಡರು. ಆಮೇಲೆ ಸುಮ್ನೆ ಕೇಳಿದೆ, ಯಾರ ಹತ್ತಿರ ಸ್ವಂತ ಮೊಬೈಲ್ ಇದೆ? ಒಂದು ಕೈಯೂ ಏಳಲಿಲ್ಲ. ಮನೆಯಲ್ಲಿ ಮೊಬೈಲ್ ಹಿಡಿಯುವವರು ಯಾರು? ಎಲ್ಲ ಕೈಗಳೂ ಮೇಲೆ. ಅಮ್ಮಂದು, ಅಪ್ಪಂದು, ಮಾವಂದು, ಅಕ್ಕಂದು.

ನಮ್ಮ ಸರ್ಕಾರಿ ಶಾಲೆಯ ಮಗುವಿಗೆ ಇಂಟರ್‌ನೆಟ್ ಅಂದರೆ ದೊಡ್ಡವರ ಕೈಯಿಂದ ಅರ್ಧ ಗಂಟೆಗೆ ಇಸಕೊಂಡ ಮೊಬೈಲ್. ಮಗುವಿಗೆ ತನ್ನದು ಅಂತ ಪಾಸ್‌ವರ್ಡೂ ಇಲ್ಲ, ಅಕೌಂಟೂ ಇಲ್ಲ. ಆದರೆ ಅದೇ ಮೊಬೈಲಿನಲ್ಲಿ ಅಪ್ಪನ ಬ್ಯಾಂಕಿದೆ, ಅಮ್ಮನ ವಾಟ್ಸ್‌ಆ್ಯಪ್ ಇದೆ, ಸಂಘದ ಗ್ರೂಪ್ ಇದೆ. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠಕ್ಕೆ ಅಂತ ಎಷ್ಟೋ ಮನೆಗೆ ಮೊಬೈಲ್ ಬಂತು. ಶಾಲೆ ತೆರೆದ ಮೇಲೂ ಅದು ಮಗುವಿನ ಕೈಯಲ್ಲೇ ಉಳಿಯಿತು. ಹಾಗಾಗಿ ಪಾಠವನ್ನೂ ಅಲ್ಲಿಂದಲೇ ಶುರು ಮಾಡಬೇಕು.

ದುಡ್ಡಿನ ವಿಷಯ

ಇದು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ‘ಗೇಮಿನ ಡೈಮಂಡ್ ಫ್ರೀ’ ಎಂಬ ಲಿಂಕ್ ಒತ್ತಿದರೆ ಏನಾಗಬಹುದು ಅಂತ ಅವರಿಂದಲೇ ಹೇಳಿಸಿ. ಮೂರು ಮಾತು ಸಾಕು. ಒಟಿಪಿ ಬಂದರೆ ಓದಿ ಹೇಳಬಾರದು, ಮೊಬೈಲನ್ನು ದೊಡ್ಡವರ ಕೈಗೆ ಕೊಡಬೇಕು. ಯುಪಿಐ ಪಿನ್ ಒತ್ತುವುದು ದುಡ್ಡು ಕಳಿಸುವಾಗ, ದುಡ್ಡು ಬರಬೇಕಾದರೆ ಪಿನ್ ಬೇಕಿಲ್ಲ. ಫ್ರೀ ಅಂದ ಕಡೆ ಬೆರಳು ನಿಲ್ಲಿಸಬೇಕು. ಎರಡನೆಯ ಮಾತು ಎಷ್ಟೋ ಪೋಷಕರಿಗೇ ಗೊತ್ತಿಲ್ಲ. ಮಕ್ಕಳು ಅದನ್ನು ಮನೆಗೆ ಒಯ್ದು ಹೇಳಿದರು.

ಪೋಷಕರ ಸಭೆಯಲ್ಲಿ ಇನ್ನೊಂದು ಹೇಳಿ. ಯುಪಿಐ ಲೈಟ್ ಸಣ್ಣ ಮೊತ್ತಕ್ಕೆ ಪಿನ್ ಕೇಳುವುದಿಲ್ಲ. ಅದು ಇರುವ ಮೊಬೈಲನ್ನು ಮಗುವಿಗೆ ಕೊಡುವಾಗ ಎಚ್ಚರ ಬೇಕು. ಮೋಸದಿಂದ ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ಬೇಗ ಹೇಳಿದಷ್ಟೂ ಆ ಹಣವನ್ನು ಮುಂದಿನ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಾಳೆ ನೋಡೋಣ ಅಂದರೆ ಅದು ನಾಲ್ಕು ಖಾತೆ ದಾಟಿರುತ್ತದೆ.

ಪತ್ತೇದಾರಿ ಆಟ

ನನಗೆ ತುಂಬ ಇಷ್ಟವಾದ ಚಟುವಟಿಕೆ ಇದು. ಮೊಬೈಲ್ ಬೇಕಿಲ್ಲ, ಕರೆಂಟೂ ಬೇಕಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋ ಅನ್ನುವಂತೆ ಒಂದು ಚಿತ್ರ ಬರೆಯಿರಿ. ಶಾಲೆಯ ಗೇಟಿನ ಮುಂದೆ ಯೂನಿಫಾರ್ಮ್ ಹಾಕಿದ ಹುಡುಗಿ. ಹಿಂದೆ ಬೋರ್ಡಿನಲ್ಲಿ ಊರಿನ ಹೆಸರು. ಕೊರಳಲ್ಲಿ ಐಡಿ ಕಾರ್ಡ್. ಪಕ್ಕದಲ್ಲಿ ನಂಬರ್ ಕಾಣುವ ಅಪ್ಪನ ಬೈಕು. ಈಗ ಮಕ್ಕಳಿಗೆ ಹೇಳಿ: ‘ನೀವು ಪತ್ತೇದಾರರು. ಈ ಹುಡುಗಿಯ ಬಗ್ಗೆ ಏನೇನು ಗೊತ್ತಾಯಿತು?’

ನಮ್ಮ ಮಕ್ಕಳು ಒಂಬತ್ತು ವಿಷಯ ಹುಡುಕಿದರು. ಒಬ್ಬ ಹುಡುಗ ನೆರಳು ನೋಡಿ ‘ಬೆಳಗ್ಗೆ ಶಾಲೆ ಶುರುವಾಗೋ ಟೈಮು ಮಿಸ್’ ಅಂದ. ನಾನು ನೆರಳನ್ನು ಬೇಕಂತ ಬರೆದಿರಲಿಲ್ಲ! ಆಮೇಲೆ ಎರಡನೇ ಪ್ರಶ್ನೆ: ಈ ಫೋಟೋ ನಿಮ್ಮ ಅತ್ತೆಗೆ ಹೋದರೆ ಏನು, ಗೊತ್ತಿಲ್ಲದವರಿಗೆ ಹೋದರೆ ಏನು? ‘ವೈಯಕ್ತಿಕ ಮಾಹಿತಿ’ ಎಂಬ ದೊಡ್ಡ ಮಾತನ್ನು ನಾನು ಬಳಸಲೇ ಇಲ್ಲ. ಹೆಸರು, ಊರು, ಶಾಲೆ, ಫೋನ್ ನಂಬರ್, ದಿನಾ ಹೋಗುವ ದಾರಿ. ಈ ಐದನ್ನು ಅವರೇ ಬೆರಳು ಮಡಚಿ ಎಣಿಸಿದರು.

ಇದರ ಜೊತೆಗೇ ರಾಗಿ ಆಟ ಆಡಿಸಿ. ಒಂದು ಹಿಡಿ ರಾಗಿಯನ್ನು ಶಾಲೆಯ ಅಂಗಳದಲ್ಲಿ ಎರಚಿ, ಎಲ್ಲ ಕಾಳನ್ನೂ ವಾಪಸ್ ತನ್ನಿ ಅನ್ನಿ. ಸ್ವಲ್ಪ ಹೊತ್ತಿಗೇ ಕೈಚೆಲ್ಲುತ್ತಾರೆ. ಕಳಿಸಿದ ಫೋಟೋ ಹೀಗೇ. ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಡಿಲೀಟ್ ಆಗುವಂತೆ ಮಾಡಿದರೂ, ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದವರ ಬಳಿ ಅದು ಉಳಿದಿರುತ್ತದೆ.

ಸುಳ್ಳು ಸುದ್ದಿ

ಇದು ದೊಡ್ಡ ಮಕ್ಕಳಿಗೆ ಅಂತ ಬಿಡಬೇಡಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ಊರೂರು ಸುತ್ತಿತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪಿನ ಮೇಲೆ ಜನ ಮುಗಿಬಿದ್ದರು. ಒಬ್ಬರು ಸತ್ತರು. ಅವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ 5 ಚಾಟ್‌ಗಳಿಗಿಂತ ಜಾಸ್ತಿ ಫಾರ್ವರ್ಡ್ ಮಾಡದಂತೆ ಮಿತಿ ತಂದಿತು. ಈ ಘಟನೆಯನ್ನು ಮಕ್ಕಳಿಗೆ ಹೇಳಬೇಡಿ, ನಿಮಗೆ ಗೊತ್ತಿರಲಿ. ಮಕ್ಕಳಿಗೆ ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟ ಸಾಕು. ಕೊನೆಯ ಮಗು ಹೇಳುವ ಮಾತು ಕೇಳಿ ಅವರೇ ನಗುತ್ತಾರೆ. ಆಗ ಕೇಳಿ, ಮೊದಲು ಹೇಳಿದವರನ್ನು ಕೇಳದೆ ಇದನ್ನು ನಂಬಬಹುದಾ?

ಹೇಳುವ ಧೈರ್ಯ

ನನ್ನ ಪ್ರಕಾರ ಇಡೀ ಪಾಠದ ಜೀವ ಇಲ್ಲಿದೆ. ಉಳಿದ ನಿಯಮಗಳನ್ನೆಲ್ಲ ಮಗು ಮರೆತರೂ ಪರವಾಗಿಲ್ಲ. ಏನಾದರೂ ಆದಾಗ ಬಂದು ಹೇಳಿದರೆ ಸಾಕು. ಆದರೆ ಮಕ್ಕಳು ಹೇಳುವುದಿಲ್ಲ. ಕಾರಣ ಕೇಳಿ ಚೀಟಿಯಲ್ಲಿ ಬರೆಸಿದೆ, ಹೆಸರು ಬೇಡ ಅಂದೆ. ಹೆಚ್ಚಿನವರು ಬರೆದದ್ದು ಎರಡೇ: ‘ಬೈತಾರೆ’, ‘ಮೊಬೈಲ್ ಕಿತ್ಕೊಳ್ತಾರೆ’. ಒಂದು ಚೀಟಿಯಲ್ಲಿ ‘ನಂದೇ ತಪ್ಪು ಅಂತಾರೆ’ ಎಂದಿತ್ತು. ಅದನ್ನು ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಹೆದರಿಸಿ ಕಲಿಸಿದರೆ ಮಗು ಜಾಸ್ತಿ ಮುಚ್ಚಿಡುತ್ತದೆ. ಮೋಸ ಮಾಡುವವನಿಗೂ ಬೇಕಿರುವುದು ಅದೇ, ಅಲ್ವಾ? ‘ಯಾರಿಗೂ ಹೇಳಬೇಡ’ ಅನ್ನುವುದೇ ಅವನ ಮುಖ್ಯ ಮಾತು. ಅದಕ್ಕೇ ಗುಟ್ಟುಗಳಲ್ಲಿ ಎರಡು ಬಗೆ ಅಂತ ಕಲಿಸಿ. ಅಮ್ಮನ ಹುಟ್ಟುಹಬ್ಬಕ್ಕೆ ತಂದಿಟ್ಟ ಬಳೆ ಖುಷಿಯ ಗುಟ್ಟು, ಅದು ಒಂದು ದಿನ ತಾನೇ ಹೊರಬರುತ್ತದೆ. ಹೊಟ್ಟೆಯಲ್ಲಿ ಸಂಕಟ ತರುವ ಗುಟ್ಟು ಇನ್ನೊಂದು, ಅದನ್ನು ಇಟ್ಟುಕೊಳ್ಳಲೇಬಾರದು. ಸುರಕ್ಷಿತ ಸ್ಪರ್ಶ, ಅಸುರಕ್ಷಿತ ಸ್ಪರ್ಶದ ಪಾಠ ಮಾಡಿರುತ್ತೀರಿ. ಇದನ್ನು ಅದರ ಮುಂದಿನ ಭಾಗ ಅಂತ ಜೋಡಿಸಿ. ಗೇಮಿನಲ್ಲಿ ಮಾತಾಡುವವರು ಫೋಟೋ ಕೇಳಿದರೂ ಅದೇ ನಿಯಮ: ಬೇಡ ಅನ್ನು, ಆಟ ನಿಲ್ಲಿಸು, ಬಂದು ಹೇಳು.

ಮಗು ಹೇಳಿದ ಮೇಲೆ ನಮ್ಮ ಕೆಲಸ ಏನು ಅನ್ನುವುದನ್ನು ಪರೀಕ್ಷೆಗಲ್ಲದೆ ನಿಜಕ್ಕೂ ಕಲಿತಿರಿ. ಮೊದಲ ಮಾತು ‘ಹೇಳಿದ್ದು ಒಳ್ಳೇದಾಯ್ತು ಪುಟ್ಟಾ’ ಅಂತಿರಲಿ. ‘ಯಾಕೆ ನೋಡಿದೆ’ ಅಂತ ಕೇಳಬೇಡಿ. ವಯಸ್ಸು ಜಾಸ್ತಿ ತೋರಿಸಲು ಮಗು ಹುಟ್ಟಿದ ವರ್ಷ ಬದಲಿಸಿ ಅಕೌಂಟ್ ತೆರೆದಿದ್ದರೂ ಆ ಹೊತ್ತಿನಲ್ಲಿ ಅದನ್ನು ಎತ್ತಬೇಡಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಗೊತ್ತಾದ ಪ್ರತಿಯೊಬ್ಬರ ಕರ್ತವ್ಯ. ಶಾಲೆಯ ಮಾನ ಅಂತ ಒಳಗೇ ಮುಚ್ಚುವಂತಿಲ್ಲ. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆಯಿದೆ. ಮಗುವಿನ ಅಂಥ ಚಿತ್ರವನ್ನು ಸಾಕ್ಷಿಗೆ ಅಂತ ನಿಮ್ಮ ಮೊಬೈಲಿಗೆ ಹಾಕಿಸಿಕೊಳ್ಳಬೇಡಿ, ಯಾರಿಗೂ ಕಳಿಸಬೇಡಿ. ಐಟಿ ಕಾಯ್ದೆಯ 67ಬಿ ಸೆಕ್ಷನ್‌ನಡಿ ಅದನ್ನು ಹಂಚುವುದು ಅಪರಾಧ. ಆ ಮೊಬೈಲನ್ನು ಹಾಗೇ ಪೊಲೀಸರಿಗೆ ತೋರಿಸಬೇಕು. ಮಕ್ಕಳ ಸಹಾಯವಾಣಿ 1098, ದಿನದ 24 ಗಂಟೆಯೂ ಸಿಗುತ್ತದೆ, ಕರೆ ಉಚಿತ. ಈ ನಂಬರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ: ಹತ್ತು, ಒಂಬತ್ತು, ಎಂಟು.

ಕೊನೆಯ ಪೀರಿಯಡ್‌ನಲ್ಲಿ ಒಂದೇ ಕೆಲಸ ಕೊಟ್ಟೆ. ಅಂಗೈಯನ್ನು ಹಾಳೆಯ ಮೇಲಿಟ್ಟು ಗೆರೆ ಎಳೆದು, ಐದು ಬೆರಳಿಗೆ ಐದು ಹೆಸರು. ಏನಾದರೂ ಆದರೆ ಯಾರಿಗೆ ಹೇಳುತ್ತೀರಿ? ಒಬ್ಬಳು ಹೆಬ್ಬೆರಳ ಮೇಲೆ ಅಜ್ಜಿ ಅಂತ ಬರೆದಿದ್ದಳು. ಪಕ್ಕದ ಹುಡುಗ ತಕರಾರು ತೆಗೆದ, ‘ಮಿಸ್, ಅವಳಜ್ಜಿಗೆ ಮೊಬೈಲ್ ಆನ್ ಮಾಡೋಕೂ ಬರಲ್ಲ.’ ಅವಳು ತಲೆ ಎತ್ತದೆ ಬಣ್ಣ ತುಂಬುತ್ತಲೇ ಹೇಳಿದಳು, ‘ಬರಲ್ಲ. ಆದ್ರೆ ಬೈಯಲ್ಲ.’