ಪಿ.ಪಿ. ಆಫೀಸಿಗೆ ಇಂಟರ್ನ್‌ಶಿಪ್‌ಗೆ ಹೋದರೆ ಪೊಲೀಸರ ಕಡೆ ಸೇರಿದ ಹಾಗೆಯೇ?

ಪ್ರಶ್ನೆ: ಮಗಳು ಮಂಗಳೂರಿನಲ್ಲಿ ಐದು ವರ್ಷದ ಕಾನೂನು ಕೋರ್ಸಿನ ಮೂರನೇ ವರ್ಷದಲ್ಲಿದ್ದಾಳೆ. ಬೇಸಿಗೆ ರಜೆಗೆ ಕಾಸರಗೋಡಿನ ಪಬ್ಲಿಕ್ ಪ್ರಾಸಿಕ್ಯೂಟರ್ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡುತ್ತೇನೆ ಅನ್ನುತ್ತಾಳೆ. ಪಿ.ಪಿ. ಎಂದರೆ ಪೊಲೀಸರ ವಕೀಲರಲ್ಲವೇ? ಮುಂದೆ ಆರೋಪಿಗಳ ಪರ ವಾದಿಸಬೇಕೆಂದು ಆಸೆ ಇರುವವಳಿಗೆ ಅಲ್ಲೇನು ಕೆಲಸ? ಮಲಯಾಳ ಓದಲಿಕ್ಕೂ ಅಷ್ಟಕ್ಕಷ್ಟೆ. – ಪೆರ್ಲ ಕಡೆಯ ಓದುಗರು

ಉತ್ತರ: ಮಾರ್ಚ್ ಬಂತೆಂದರೆ ಗೇರುಹಣ್ಣಿನ ಜೊತೆ ಈ ಪ್ರಶ್ನೆಯೂ ಉದುರುತ್ತದೆ. ಕಳೆದ ವರ್ಷ ಕುಂಬಳೆಯಿಂದ ಬಂತು, ಅದರ ಹಿಂದಿನ ವರ್ಷ ಮುಳ್ಳೇರಿಯದಿಂದ. ಒಮ್ಮೆ ಮದುವೆ ಊಟದಲ್ಲಿ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವರೇ ಸೌಟು ಹಿಡಿದುಕೊಂಡು ನಿಂತು ಕೇಳಿದ್ದರು. ಹಿಂದಿನ ಎಲೆಯವರಿಗೆ ತುಪ್ಪ ಸಿಗಲಿಲ್ಲ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ.

ಸುಲಭದ್ದು ಮೊದಲು. ಹೋಗಬಹುದು, ಲೆಕ್ಕಕ್ಕೂ ಬರುತ್ತದೆ. ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮಗಳಂತೆ ಐದು ವರ್ಷದ ಕೋರ್ಸಿನವರಿಗೆ ಒಟ್ಟು 20 ವಾರ, ಮೂರು ವರ್ಷದವರಿಗೆ 12 ವಾರ ಆಗಬೇಕು. ಒಂದು ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರ ಮೀರುವಂತಿಲ್ಲ. ಕಾಲೇಜಿನ ಪತ್ರ, ಬಿಳಿ ಅಂಗಿ, ಕರಿ ಕೋಟು ಇದ್ದರಾಯಿತು. ಗೌನು, ಬ್ಯಾಂಡು ವಕೀಲಿಕೆಯ ಸನ್ನದು ಸಿಕ್ಕಿದ ಮೇಲಿನ ಮಾತು. ಆದರೆ ನೆನಪಿಡಿ, ನಿಮ್ಮ ಮಗಳಿಗೆ ಬೇಸಿಗೆ ರಜೆ ಇರುವಾಗ ಸಿವಿಲ್ ಕೋರ್ಟಿಗೂ ರಜೆ. ಮ್ಯಾಜಿಸ್ಟ್ರೇಟ್ ಕೋರ್ಟು ಮಾತ್ರ ನಡೆಯುತ್ತಲೇ ಇರುತ್ತದೆ. ಅಲ್ಲಿ ಸರ್ಕಾರದ ಪರ ನಿಲ್ಲುವವರು ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್, ಎ.ಪಿ.ಪಿ. ರಜೆಯಲ್ಲೇ ಆಗಬೇಕೆಂದಿದ್ದರೆ ಅವರನ್ನು ಕೇಳಲಿ.

ಈಗ ಆ 'ಪೊಲೀಸರ ವಕೀಲ'ನ ವಿಷಯ. ಈ ಮಾತು ಎಲ್ಲಿಂದ ಬಂತೆಂದು ಗೊತ್ತಿರುವುದರಿಂದ ಪೂರ್ತಿ ಸಿಟ್ಟು ಮಾಡಲಿಕ್ಕೂ ಆಗುವುದಿಲ್ಲ. 1898ರ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಕಾಲದಲ್ಲಿ ಮ್ಯಾಜಿಸ್ಟ್ರೇಟರ ಎದುರು ಪೊಲೀಸ್ ಅಧಿಕಾರಿಗಳೇ ಎದ್ದು ನಿಂತು ಕೇಸು ನಡೆಸುವುದು ಮಾಮೂಲಾಗಿತ್ತು. ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಲ್ಲಿದ್ದಾಗಲೂ, 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಕಾನೂನು ಅದೇ. ಅಜ್ಜಂದಿರು ಕಂಡದ್ದನ್ನು ಮೊಮ್ಮಕ್ಕಳಿಗೆ ಹೇಳಿದರು, ಮೊಮ್ಮಕ್ಕಳು ನನಗೆ ಹೇಳುತ್ತಾರೆ. 1974ರ ಏಪ್ರಿಲ್ 1ಕ್ಕೆ ಹೊಸ ಸಂಹಿತೆ ಬಂತು, ಎ.ಪಿ.ಪಿ.ಗಳನ್ನು ನೇಮಿಸಬೇಕೆಂದಾಯಿತು. 1995ರಲ್ಲಿ ಮಹಾರಾಷ್ಟ್ರದ ಶಹಾಣೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇವರನ್ನು ಪೊಲೀಸ್ ಇಲಾಖೆಯ ಕೈಯಿಂದ ಬಿಡಿಸಿ ಬೇರೆಯೇ ವಿಭಾಗ ಮಾಡಿ ಎಂದು ಸರ್ಕಾರಕ್ಕೆ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಪಿ.ಪಿ. ಆಗಲು ಕನಿಷ್ಠ ಏಳು ವರ್ಷ ವಕೀಲಿಕೆ ಮಾಡಿರಬೇಕು. ಏಳು ವರ್ಷ ಲಾಠಿ ಹಿಡಿದಿರಬೇಕು ಎಂದು ಎಲ್ಲೂ ಬರೆದಿಲ್ಲ.

'ಮತ್ತೆ ಆ ಆಫೀಸಿನಲ್ಲಿ ಯಾವಾಗಲೂ ಖಾಕಿ ಕಾಣುತ್ತದಲ್ಲ?' ಕಾಣುತ್ತದೆ ಮಾರಾಯ್ರೆ. ಫೈಲು ತರುವವರು, ಸಾಕ್ಷಿಗಳನ್ನು ಕರೆತರುವವರು ಪೊಲೀಸರು. ಡಾಕ್ಟರ ಕ್ಲಿನಿಕ್ಕಿನ ಹೊರಗೆ ಆಟೋ ನಿಂತದ್ದು ಕಂಡು ಡಾಕ್ಟರು ಆಟೋ ಓಡಿಸುತ್ತಾರೆ ಎನ್ನುತ್ತೀರಾ?

ಪೊಲೀಸರ ವಕೀಲರೇ ಹೌದಾಗಿದ್ದರೆ ಪೊಲೀಸರು ಕಕ್ಷಿದಾರರಾಗಬೇಕಿತ್ತು, ಅವರು ಹೇಳಿದಂತೆ ಇವರು ಕೇಳಬೇಕಿತ್ತು. 1994ರ ಹಿತೇಂದ್ರ ವಿಷ್ಣು ಠಾಕೂರ್ ತೀರ್ಪು ಓದಿ. ತನಿಖೆಗೆ ಇನ್ನಷ್ಟು ದಿನ ಬೇಕೆಂದು ಪೊಲೀಸರು ಕೊಟ್ಟ ಕಾಗದವನ್ನು ಹಾಗೆಯೇ ಕೋರ್ಟಿಗೆ ದಾಟಿಸಲು ಪಿ.ಪಿ. ಏನು ಪೋಸ್ಟಾಫೀಸಲ್ಲ, ಸ್ವಂತ ತಲೆ ಓಡಿಸಬೇಕು ಎಂದಿದೆ ಸುಪ್ರೀಂ ಕೋರ್ಟು. ಇನ್ನೊಂದು ದಿಕ್ಕಿನಿಂದಲೂ ನೋಡಿ. ಚಾರ್ಜ್‌ಶೀಟ್ ಹಾಕಬೇಕೋ ಬೇಡವೋ ಎನ್ನುವುದು ತನಿಖಾಧಿಕಾರಿಯ ಕೆಲಸ, ಅದಕ್ಕೆ ಪಿ.ಪಿ.ಯ ಅಭಿಪ್ರಾಯ ತಾ ಎಂದು ಕೋರ್ಟು ಕೂಡ ಅವನನ್ನು ಒತ್ತಾಯಿಸುವ ಹಾಗಿಲ್ಲ. ಇದು 2000ದ ಆರ್. ಸರಳಾ ಪ್ರಕರಣ, ತಮಿಳುನಾಡಿನದು. ಎಂದರೆ ಇಬ್ಬರ ನಡುವೆ ಬೇಲಿ ಇದೆ, ಎರಡೂ ಕಡೆಯಿಂದ ಮುಳ್ಳು.

'ಹೇಗಾದರೂ ಶಿಕ್ಷೆ ಕೊಡಿಸುವುದೇ ಅವರ ಕೆಲಸ' ಎನ್ನುವುದು ಅದೇ ಭೂತದ ಇನ್ನೊಂದು ಕೋಲ. ಪ್ರಾಸಿಕ್ಯೂಟರರಿಗೆ ಶಿಕ್ಷೆಯ ದಾಹ ಇರಬಾರದು ಎಂದು 1999ರ ಶಿವಕುಮಾರ್ ಪ್ರಕರಣದಲ್ಲಿ ಬರೆದವರು ನಮ್ಮ ಕೇರಳದವರೇ ಆದ ನ್ಯಾಯಮೂರ್ತಿ ಕೆ.ಟಿ. ಥಾಮಸ್. ಬಾರ್ ಕೌನ್ಸಿಲಿನ ನಡತೆಯ ನಿಯಮ ಇನ್ನೂ ನೇರ: ನಿರಪರಾಧಿಗೆ ಶಿಕ್ಷೆಯಾಗುವಂತೆ ಕೇಸು ನಡೆಸಬಾರದು, ಆರೋಪಿ ನಿರಪರಾಧಿ ಎಂದು ತೋರಿಸಬಲ್ಲ ಸಾಕ್ಷ್ಯವನ್ನು ಅಡಗಿಸಬಾರದು. ಎಲ್ಲರೂ ಹೀಗೆಯೇ ನಡೆಯುತ್ತಾರೆಯೇ ಎಂದು ಕೇಳಬೇಡಿ. ಎಲ್ಲ ಮೇಷ್ಟ್ರುಗಳೂ ಪಾಠ ಮಾಡುತ್ತಾರೆಯೇ? ಹುದ್ದೆ ಯಾರದ್ದು ಎಂಬುದು ಪ್ರಶ್ನೆ. ಅದು ಠಾಣೆಯದ್ದಲ್ಲ.

ಹಾಗಾಗಿ ಡಿಫೆನ್ಸ್, ಎಂದರೆ ಆರೋಪಿಗಳ ಪರ ವಾದ, ಮಾಡಬೇಕೆಂದಿರುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ವಿಚಾರಣೆಯ ಹಿಂದಿನ ಸಂಜೆ ಒಳ್ಳೆಯ ಪ್ರಾಸಿಕ್ಯೂಟರ್ ಮಾಡುವ ಕೆಲಸ ತನ್ನದೇ ಕೇಸಿನ ತೂತು ಹುಡುಕುವುದು. ಎಫ್.ಐ.ಆರ್.ನಲ್ಲಿ ಹೊಡೆತ ಎಡಗೈಗೆ, ಡಾಕ್ಟರು ಗಾಯ ನೋಡಿ ಬರೆದ ವೂಂಡ್ ಸರ್ಟಿಫಿಕೇಟಿನಲ್ಲಿ ಬಲಗೈಗೆ. ಮಹಜರಿಗೆ ಸಹಿ ಹಾಕಿದವನು ಆ ಹೊತ್ತಿಗೆ ಬದಿಯಡ್ಕ ಪೇಟೆಯಲ್ಲಿದ್ದೆ ಎನ್ನುತ್ತಾನೆ. ಇಂಟರ್ನ್‌ಗೆ ಕೊಡುವ ಕೆಲಸವೂ ಹೆಚ್ಚಾಗಿ ಇದೇ, ಕಾಗದಕ್ಕೆ ಕಾಗದ ತಾಳೆ ನೋಡುವುದು. ಎದ್ದು ವಾದಿಸುವುದಂತೂ ಇಲ್ಲ. ಮೊಬೈಲಿನಲ್ಲಿ ಫೈಲಿನ ಫೋಟೋ ತೆಗೆಯಲೇಬಾರದು. ಪೋಕ್ಸೊ ಕೇಸಿನಲ್ಲಿ, ಎಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕೇಸಿನಲ್ಲಿ, ಮಗುವಿನ ಗುರುತು ಹೊರಬಿದ್ದರೆ ಅದೇ ಒಂದು ಅಪರಾಧ. ಮುಚ್ಚಿದ ಬಾಗಿಲಿನ ವಿಚಾರಣೆ ಇದ್ದಾಗ ಯಾರೂ ಹೇಳುವ ಮೊದಲೇ ಎದ್ದು ಹೊರಗೆ ಬರಲಿ.

ಮಲಯಾಳದ ಬಗ್ಗೆ ನೀವು ಅರ್ಧ ಸಾಲು ಬರೆದಿರಿ. ಕೇಳಬೇಕಾದ ಪ್ರಶ್ನೆ ಅಲ್ಲಿತ್ತು: ಕನ್ನಡ, ತುಳು ಬಿಟ್ಟು ಬೇರೆ ಬಾರದ ನಮ್ಮ ಊರಿನ ಸಾಕ್ಷಿ ಕಾಸರಗೋಡು ವಿದ್ಯಾನಗರದ ಕೋರ್ಟಿನಲ್ಲಿ ಹೇಳಿದ್ದು ಯಾವ ಭಾಷೆಯಲ್ಲಿ ದಾಖಲಾಗುತ್ತದೆ? 1969ರ ಕೇರಳ ಭಾಷಾ ಕಾಯ್ದೆ ಕನ್ನಡಿಗರಿಗೆ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕು ಕೊಟ್ಟಿತು, ಕನ್ನಡವನ್ನು ಕೋರ್ಟಿನ ಭಾಷೆ ಮಾಡಲಿಲ್ಲ. ಆದರೆ ನಾಗರಿಕ ಸುರಕ್ಷಾ ಸಂಹಿತೆಯ 312ನೇ ಕಲಂ (ಹಿಂದಿನ ಸಂಹಿತೆಯಲ್ಲಿ 277) ಹೇಳುತ್ತದೆ: ಸಾಕ್ಷಿ ಬೇರೆ ಭಾಷೆಯಲ್ಲಿ ನುಡಿದರೆ, ಸಾಧ್ಯವಾದರೆ ಆ ಭಾಷೆಯಲ್ಲೇ ಬರೆದುಕೊಳ್ಳಬಹುದು, ಆಗದಿದ್ದರೆ ಸಾಕ್ಷಿ ಹೇಳುತ್ತಾ ಹೋದಂತೆ ಕೋರ್ಟಿನ ಭಾಷೆಗೆ ಸರಿಯಾದ ಅನುವಾದ ತಯಾರಾಗಬೇಕು, ಅದಕ್ಕೆ ನ್ಯಾಯಾಧೀಶರ ಸಹಿ ಬೀಳಬೇಕು.

'ಸರಿಯಾದ' ಎಂಬಲ್ಲಿಯೇ ಕಷ್ಟ ಇರುವುದು. ನಮ್ಮ ಅಜ್ಜಿ 'ಕತ್ತಿ' ಎಂದರೆ ಸೊಪ್ಪು ಕಡಿಯುವ ಕತ್ತಿ. ಮಲಯಾಳದಲ್ಲಿ ಕತ್ತಿ ಎಂದರೆ ಚೂರಿ. ಠಾಣೆಯಲ್ಲಿ ಮಲಯಾಳದಲ್ಲಿ ಬರೆದುಕೊಂಡ ಹೇಳಿಕೆಯಲ್ಲಿ ಚೂರಿ, ಕೋರ್ಟಿನಲ್ಲಿ ಅಜ್ಜಿ ಕೈಯಳತೆಯಲ್ಲಿ ತೋರಿಸಿದ್ದು ಮಾರುದ್ದದ ಕತ್ತಿ. ಎದುರು ವಕೀಲರು ಎದ್ದು ನಿಂತು 'ಹೇಳಿಕೆ ಬದಲಾಯಿಸಿದ್ದೀರಿ' ಎನ್ನುತ್ತಾರೆ. ಅಜ್ಜಿ ಬದಲಾಯಿಸಿಲ್ಲ, ಭಾಷೆ ಬದಲಾಯಿತು. 'ಅಣ್ಣ' ಅಂತೂ ಇನ್ನೂ ಗಂಡಾಂತರ. ಆಚೆ ಮನೆಯ ಐತಪ್ಪಣ್ಣನನ್ನು ಒಡಹುಟ್ಟಿದವನೆಂದು ಬರೆದುಕೊಂಡರೆ, ಸಂಬಂಧಿಕರ ಸಾಕ್ಷಿ ನಂಬಬೇಡಿ ಎಂಬ ವಾದಕ್ಕೆ ದಾರಿಯಾಯಿತು.

ಇಂಥದ್ದನ್ನು ವಿಚಾರಣೆಗೆ ಮೊದಲೇ ಫೈಲಿನಲ್ಲಿ ಹಿಡಿದು ತೋರಿಸಲು ಎರಡೂ ಭಾಷೆಯ ಕಿವಿ ಬೇಕು. ಕನ್ನಡದ ಕಿವಿ ಮಗಳಿಗೆ ಮನೆಯಲ್ಲೇ ಸಿಕ್ಕಿದೆ. ಮಲಯಾಳದ ಅಕ್ಷರ ಕಲಿಯಲು ಇನ್ನೂ ಒಂದು ತಿಂಗಳು ಇದೆ. ಬಸ್ಸಿನ ಬೋರ್ಡಿನಿಂದ ಶುರು ಮಾಡಿ ಯಾರದಾದರೂ ಹಳೆಯ ಕೈಬರಹದ ಮಹಜರಿಗೆ ಬರಲಿ. ಅದನ್ನು ಓದಿ ಮುಗಿಸಿದವಳಿಗೆ ಯಾವ ಎ.ಪಿ.ಪಿ.ಯೂ ಕುರ್ಚಿ ಇಲ್ಲ ಎನ್ನಲಿಕ್ಕಿಲ್ಲ. ಅರ್ಜಿ ಮಾತ್ರ ಈ ವಾರವೇ ಕೊಡಲಿ.