ನೀರುಬಣ್ಣದ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಿದರೆ ಅದು ಕೈಚಿತ್ರ ಅಲ್ವಾ?

"ಮೇಡಂ, ನಾನು ನೀರುಬಣ್ಣದಲ್ಲಿ ಚಿತ್ರ ಬರೆಯುತ್ತೇನೆ. ಮಕ್ಕಳ ಪುಸ್ತಕಕ್ಕೆ ಕೊಡುವ ಮೊದಲು ಸ್ಕ್ಯಾನ್ ಮಾಡಿ ಫೋಟೋಶಾಪ್‌ನಲ್ಲಿ ತಿದ್ದಬಹುದಾ? ಆಮೇಲೆ ಅದನ್ನು ಕೈಚಿತ್ರ ಅಂದರೆ ಮೋಸ ಅಲ್ವಾ?"

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಧಾರಾಳವಾಗಿ ತಿದ್ದಿ. ಆ ಮೋಸದ ಮಾತನ್ನು ಮಾತ್ರ ಇವತ್ತು ಬುಡಸಮೇತ ಕೀಳಬೇಕು.

ಪುಸ್ತಕದ ಚಿತ್ರಕ್ಕೂ ಓದುವ ಮಗುವಿಗೂ ನಡುವೆ ಯಂತ್ರ ಬಂದು ನೂರು ವರ್ಷ ದಾಟಿದೆ. 1902ರಲ್ಲಿ ಇಂಗ್ಲೆಂಡಿನ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಅವರ ಮೊಲದ ಕಥೆ ಬಣ್ಣದಲ್ಲಿ ಅಚ್ಚಾಯಿತು. ಅವರು ಬರೆದದ್ದು ನೀರುಬಣ್ಣದಲ್ಲಿ. ಅಚ್ಚಿನವರು ಅದನ್ನು ಕ್ಯಾಮೆರಾದಿಂದ ಮೂರು ಬಣ್ಣಗಳಾಗಿ ಬಿಡಿಸಿ, ಒಂದೊಂದಕ್ಕೂ ಬೇರೆ ಬ್ಲಾಕ್ (ಅಚ್ಚೊತ್ತುವ ಲೋಹದ ಪಡಿಯಚ್ಚು) ಮಾಡಿ, ಒಂದರ ಮೇಲೊಂದು ಒತ್ತಿದರು. ಅವು ಪಾಟರ್ ಕೈಯ ಚಿತ್ರ ಅಲ್ಲ ಅಂತ ಯಾರಾದರೂ ಅಂದಾರಾ?

ಬ್ಲಾಕ್ ಕಾಲದ ಪತ್ರಿಕೆ ಚಿತ್ರಗಳ ಮೂಲ ಹಾಳೆ ಸಿಕ್ಕರೆ ಒಮ್ಮೆ ಹತ್ತಿರದಿಂದ ನೋಡಿ. ತಪ್ಪಿದ ಗೆರೆಯ ಮೇಲೆ ಬಿಳಿ ಪೋಸ್ಟರ್ ಬಣ್ಣ ಬಳಿದಿರುತ್ತಾರೆ. ಮುಖ ಕೆಟ್ಟಿದ್ದರೆ ಬೇರೆ ಕಾಗದದಲ್ಲಿ ಬರೆದು, ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿರುತ್ತಾರೆ. ಬ್ಲಾಕ್ ಮಾಡುವ ಕ್ಯಾಮೆರಾಕ್ಕೆ ಕಪ್ಪು ಗೆರೆ ಮಾತ್ರ ಕಾಣುತ್ತಿತ್ತು, ಅಂಟಿಸಿದ ಅಂಚು ಕಾಣುತ್ತಿರಲಿಲ್ಲ. ಕತ್ತರಿ, ಗೋಂದು, ಬಿಳಿ ಬಣ್ಣ ಮಾಡುತ್ತಿದ್ದ ಕೆಲಸವನ್ನೇ ಈಗ ಫೋಟೋಶಾಪ್ ಮಾಡುತ್ತದೆ. ಆಗ ಜಾಣತನ ಅನ್ನಿಸಿದ್ದು ಈಗ ಯಾಕೆ ಮೋಸ?

ಇನ್ನೊಂದು ಉದಾಹರಣೆ. ಅಮೆರಿಕದಲ್ಲಿ ಚಿತ್ರಪುಸ್ತಕಗಳಿಗೆ ಕೊಡುವ ದೊಡ್ಡ ಗೌರವ ಕಾಲ್ಡೆಕಾಟ್ ಪದಕ. 2013ರಲ್ಲಿ ಅದು "ದಿಸ್ ಈಸ್ ನಾಟ್ ಮೈ ಹ್ಯಾಟ್" ಪುಸ್ತಕಕ್ಕಾಗಿ ಜಾನ್ ಕ್ಲಾಸೆನ್ ಅವರಿಗೆ ಬಂತು. ಆ ಪುಸ್ತಕದ ಚಿತ್ರಗಳು ಶಾಯಿ ಮತ್ತು ಕಂಪ್ಯೂಟರ್ ಎರಡನ್ನೂ ಸೇರಿಸಿ ಮಾಡಿದವು. ಅದನ್ನು ಪುಸ್ತಕದಲ್ಲೇ ಅಚ್ಚು ಹಾಕಿದ್ದಾರೆ. ನೀವೂ ಹಾಗೇ ಹೇಳಿ: "ನೀರುಬಣ್ಣ, ಪೆನ್ಸಿಲ್, ಡಿಜಿಟಲ್." ಬಚ್ಚಿಡುವುದು ಏನೂ ಇಲ್ಲದ ಮೇಲೆ ಮೋಸ ಎಲ್ಲಿಂದ ಬರುತ್ತದೆ? ನಾಲ್ಕು ಸಾಲು ಟೈಪ್ ಮಾಡಿ ಎಐನಿಂದ ಚಿತ್ರ ತೆಗೆಸುವುದು ಪೂರ್ತಿ ಬೇರೆ ವಿಷಯ. ದಯವಿಟ್ಟು ಎರಡನ್ನೂ ಕಲಸಬೇಡಿ.

ಇನ್ನು ಕೆಲಸದ ಮಾತು. ಗೆರೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ, ಬಣ್ಣವನ್ನು ಇನ್ನೊಂದರಲ್ಲಿ ಹಾಕಿ. ಎರಡನ್ನೂ ಸ್ಕ್ಯಾನ್ ಮಾಡಿ, ಫೋಟೋಶಾಪ್‌ನಲ್ಲಿ ಗೆರೆಯ ಲೇಯರನ್ನು, ಅಂದರೆ ಪದರವನ್ನು, ಮೇಲಿಟ್ಟು ಅದಕ್ಕೆ ಮಲ್ಟಿಪ್ಲೈ ಅನ್ನುವ ಆಯ್ಕೆ ಕೊಡಿ. ಕಾಗದದ ಬಿಳಿ ಮಾಯವಾಗಿ ಗೆರೆ ಮಾತ್ರ ಬಣ್ಣದ ಮೇಲೆ ಕೂರುತ್ತದೆ. ನಾಳೆ ಸಂಪಾದಕರು "ಹುಡುಗಿಯನ್ನು ಸ್ವಲ್ಪ ಎಡಕ್ಕೆ ತನ್ನಿ" ಅಂದರೆ ಇಡೀ ಪುಟ ಮತ್ತೆ ಬರೆಯಬೇಕಾಗಿಲ್ಲ. ಅಚ್ಚಾಗುವ ಅಳತೆಯಲ್ಲೇ ಬರೆದಿದ್ದರೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಸಾಕು. ಎರಡು ಪಟ್ಟು ದೊಡ್ಡದು ಮಾಡುವುದಿದ್ದರೆ 600 ಬೇಕು. ಸ್ಕ್ಯಾನರಿನ ಆಟೋ ಕರೆಕ್ಷನ್ ಆಫ್ ಮಾಡಿ. ಇಲ್ಲದಿದ್ದರೆ ನೀವು ಅಷ್ಟು ನಾಜೂಕಾಗಿ ಹಾಕಿದ ಮುಂಜಾನೆಯ ತಿಳಿಬಣ್ಣವನ್ನು ಅದು ಕೊಳೆ ಅಂದುಕೊಂಡು ತೊಳೆದುಬಿಡುತ್ತದೆ. ಪರದೆಯ ಮೇಲೆ ಹೊಳೆಯುವ ಗಿಳಿಹಸಿರು ನಾಲ್ಕು ಬಣ್ಣದ ಅಚ್ಚಿನಲ್ಲಿ ಹಾಗೇ ಬರುವುದಿಲ್ಲ. ಸಿಎಂವೈಕೆಗೆ, ಅಂದರೆ ಅಚ್ಚಿನ ಆ ನಾಲ್ಕು ಬಣ್ಣಗಳ ಲೆಕ್ಕಕ್ಕೆ, ಬದಲಿಸಿ ಒಮ್ಮೆ ನೋಡಿಕೊಳ್ಳಿ.

ಒಂದು ಎಚ್ಚರಿಕೆ. ಬಣ್ಣ ತಾನಾಗಿ ಹರಡಿ ಮೂಡಿದ ಅಂಚನ್ನೂ ಕಾಗದದ ತರಿಯನ್ನೂ ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಅಳಿಸಬೇಡಿ. ನನ್ನ ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದೇ ಇದನ್ನು. ಈಗ ಅವರೇ ಬೇರೆಯವರಿಗೆ ಹೇಳಿಕೊಡುತ್ತಾರೆ, ಕೇಳಿ ಖುಷಿಯಾಗುತ್ತದೆ.

ಯಾರೂ ಕೇಳದಿದ್ದರೂ ಇದೊಂದು ಹೇಳಲೇಬೇಕು. ಚಿತ್ರದಲ್ಲಿ ಅಕ್ಷರಕ್ಕೆ ಜಾಗ ಎಷ್ಟು ಬಿಡುತ್ತೀರಿ? ಇಂಗ್ಲಿಷ್ ಸಾಲಿಗೆ ಬಿಟ್ಟಷ್ಟು ಜಾಗ ಕನ್ನಡಕ್ಕೆ ಸಾಲದು. ನಮಗೆ ಸಾಲಿನ ಕೆಳಗೆ ಒತ್ತಕ್ಷರ ಇಳಿಯುತ್ತದೆ. ಅಜ್ಜಿ, ಬೆಕ್ಕು, ಚಿಕ್ಕಪ್ಪ ಇಲ್ಲದೆ ಮಕ್ಕಳ ಕಥೆ ನಡೆಯುತ್ತದಾ? ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆಗಷ್ಟೇ ಓದು ಕಲಿಯುತ್ತಿರುವ ಮಗು ಅಲ್ಲೇ ಎಡವುತ್ತದೆ.

ಚಿತ್ರದೊಳಗಿನ ಅಕ್ಷರದ ಕಥೆಯೂ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಥರದ ಪ್ರಕಾಶಕರು ಒಂದೇ ಪುಸ್ತಕವನ್ನು ಹಲವು ಭಾಷೆಗಳಲ್ಲಿ ತರುತ್ತಾರೆ. ಅಂಗಡಿ ಬೋರ್ಡಿನ ಮೇಲೆ ನೀವು ನೀರುಬಣ್ಣದಲ್ಲೇ "ಕಾಫಿ ಟೀ" ಅಂತ ಬರೆದುಬಿಟ್ಟರೆ ತಮಿಳು ಪುಸ್ತಕದಲ್ಲೂ ಅದೇ ಉಳಿಯುತ್ತದೆ. ಅದಕ್ಕೆ ಬೋರ್ಡನ್ನು ಖಾಲಿ ಬಿಡಿ. ಅಕ್ಷರವನ್ನು ಅದೇ ಬ್ರಷ್ಷಿನಿಂದ ಬೇರೆ ಹಾಳೆಯಲ್ಲಿ ಬರೆದು, ಸ್ಕ್ಯಾನ್ ಮಾಡಿ, ಬೇರೆ ಲೇಯರಿನಲ್ಲಿ ಇಡಿ. ಫಾಂಟ್ ಹಾಕಿ ಮುಗಿಸಬೇಡಿ. ತಮಿಳು ಬೋರ್ಡಿನ ಸರದಿ ಬಂದಾಗ ತಮಿಳು ಬಲ್ಲವರ ಕೈಗೇ ಬ್ರಷ್ ಕೊಟ್ಟು ಬರೆಸಿ.