1920ಕ್ಕೆ ಮೊದಲೇ ಅಮೆರಿಕದ ಸಂಸತ್ತಿಗೆ ಒಬ್ಬ ಹೆಣ್ಣುಮಗಳು ಗೆದ್ದದ್ದು ಹೇಗೆ?

ಓದುಗರ ಪ್ರಶ್ನೆ: ಅಮೆರಿಕದ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1920ರಲ್ಲಿ ಅಂತ ಓದಿದ್ದೇವೆ. ಆದರೆ ಜನೆಟ್ ರ‍್ಯಾಂಕಿನ್ ಅನ್ನುವವರು 1916ರಲ್ಲೇ ಅಲ್ಲಿನ ಸಂಸತ್ತಿಗೆ ಆರಿಸಿ ಬಂದಿದ್ದರಂತೆ. ವೋಟು ಹಾಕುವ ಹಕ್ಕೇ ಇಲ್ಲದವರು ಚುನಾವಣೆ ಗೆದ್ದದ್ದು ಹೇಗೆ?

ಎರಡು ಮಾತೂ ನಿಜ. 1920ಕ್ಕೆ ಮುಂಚೆ ಅಮೆರಿಕದಲ್ಲಿ ಯಾವ ಹೆಂಗಸೂ ವೋಟು ಹಾಕುತ್ತಿರಲಿಲ್ಲ ಅಂದುಕೊಂಡರೆ ಮಾತ್ರ ಗೊಂದಲವಾಗುತ್ತದೆ. ಲಕ್ಷಾಂತರ ಹೆಂಗಸರು ಆಗಲೇ ವೋಟು ಹಾಕುತ್ತಿದ್ದರು. ರ‍್ಯಾಂಕಿನ್ ಅವರ ರಾಜ್ಯ ಮೊಂಟಾನಾದಲ್ಲಿ 1914ರಿಂದಲೇ ಆ ಹಕ್ಕು ಇತ್ತು.

ನಮ್ಮಲ್ಲಿ ಯಾರು ವೋಟು ಹಾಕಬಹುದು ಅನ್ನುವುದನ್ನು ಸಂವಿಧಾನವೇ ಇಡೀ ದೇಶಕ್ಕೆ ಒಂದೇ ಸಲ ಹೇಳಿಬಿಟ್ಟಿತು. ಅಮೆರಿಕದಲ್ಲಿ ಹಾಗಾಗಲಿಲ್ಲ. ಅಲ್ಲಿ ಮತದಾರರು ಯಾರು ಅನ್ನುವ ತೀರ್ಮಾನವನ್ನು ಆಯಾ ರಾಜ್ಯಕ್ಕೆ ಬಿಟ್ಟರು. ಚುನಾವಣೆಗೆ ನಿಲ್ಲುವವರ ಷರತ್ತುಗಳೇ ಬೇರೆ. ಅಲ್ಲಿನ ಸಂಸತ್ತಿನಲ್ಲಿ ಪ್ರತಿನಿಧಿ ಸಭೆ, ಸೆನೆಟ್ ಅಂತ ಎರಡು ಸದನ. ಪ್ರತಿನಿಧಿ ಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, 7 ವರ್ಷದಿಂದ ಅಮೆರಿಕದ ಪ್ರಜೆಯಾಗಿರಬೇಕು, ಆ ರಾಜ್ಯದಲ್ಲೇ ವಾಸವಿರಬೇಕು. ಗಂಡಸೇ ಆಗಿರಬೇಕು ಅನ್ನುವ ಷರತ್ತು ಇರಲಿಲ್ಲ. ಹೆಂಗಸರು ನಿಲ್ಲುತ್ತಾರೆ ಅಂತ ಯಾರೂ ಊಹಿಸಿರಲಿಲ್ಲ, ಅಷ್ಟೆ.

ಇದನ್ನು ಮೊದಲು ಪರೀಕ್ಷೆ ಮಾಡಿ ನೋಡಿದವರು ಹೆಂಗಸರ ಹಕ್ಕಿಗಾಗಿ ಹೋರಾಡುತ್ತಿದ್ದ ಎಲಿಜಬೆತ್ ಕೇಡಿ ಸ್ಟ್ಯಾಂಟನ್. 1866ರಲ್ಲಿ ನ್ಯೂಯಾರ್ಕಿನಿಂದ ಪ್ರತಿನಿಧಿ ಸಭೆಗೆ ನಿಂತರು. ಅವರಿಗೆ ಬಿದ್ದದ್ದು 24 ವೋಟು. ಅಲ್ಲಿ ಆಗ ಹೆಂಗಸರು ವೋಟು ಹಾಕುವಂತಿರಲಿಲ್ಲ, ಹಾಗಾಗಿ ಆ 24 ವೋಟೂ ಗಂಡಸರದೇ. ನಿಲ್ಲುವ ಹಕ್ಕು ಇದ್ದು ವೋಟಿನ ಹಕ್ಕು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ ಅಲ್ವಾ?

ಕೋರ್ಟಿನ ದಾರಿಯೂ ಮುಚ್ಚಿಹೋಯಿತು. 1872ರಲ್ಲಿ ಇನ್ನೊಬ್ಬ ಹೋರಾಟಗಾರ್ತಿ ಸೂಸನ್ ಬಿ. ಆಂಟನಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಲ್ಲಿ ವೋಟು ಹಾಕಿಯೇಬಿಟ್ಟರು. ಬಂಧನವಾಯಿತು, ವಿಚಾರಣೆ ನಡೆಯಿತು, 100 ಡಾಲರ್ ದಂಡ ಬಿತ್ತು. ಆ ದಂಡವನ್ನು ಅವರು ಕೊನೆಗೂ ಕಟ್ಟಲಿಲ್ಲ. 1875ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಹೆಂಗಸರು ಪ್ರಜೆಗಳು ಹೌದು, ಆದರೆ ಪ್ರಜೆಯಾದ ಮಾತ್ರಕ್ಕೆ ಮತದಾನದ ಹಕ್ಕು ಬರುವುದಿಲ್ಲ. ಆಮೇಲೆ ಉಳಿದದ್ದು ಎರಡೇ ದಾರಿ. ಸಂವಿಧಾನ ತಿದ್ದಿಸಬೇಕು, ಇಲ್ಲವೇ ಒಂದೊಂದೇ ರಾಜ್ಯವನ್ನು ಒಪ್ಪಿಸುತ್ತಾ ಹೋಗಬೇಕು.

ಮೊದಲು ಒಪ್ಪಿದ್ದು ಪಶ್ಚಿಮ. ವಯೋಮಿಂಗ್ ಇನ್ನೂ ರಾಜ್ಯವೇ ಆಗಿರಲಿಲ್ಲ, 1869ರಲ್ಲೇ ಹಕ್ಕು ಕೊಟ್ಟಿತು. ಅಲ್ಲಿ ಹೆಂಗಸರ ಸಂಖ್ಯೆ ತೀರಾ ಕಡಿಮೆ, ಅವರು ಬಂದು ನೆಲೆಸಲಿ ಅನ್ನುವ ಆಸೆಯೂ ಇತ್ತು. ಯೂಟಾ 1870ರಲ್ಲಿ ಕೊಟ್ಟಿತು. 1887ರಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿರುವ ದೇಶದ ಸಂಸತ್ತು ಅದನ್ನು ಕಿತ್ತುಕೊಂಡಿತು. 1896ರಲ್ಲಿ ಯೂಟಾ ರಾಜ್ಯವಾದಾಗ ಮತ್ತೆ ಬಂತು. ಅದೇ ವರ್ಷ ಅಲ್ಲಿ ಡಾಕ್ಟರ್ ಮಾರ್ಥಾ ಹ್ಯೂಸ್ ಕ್ಯಾನನ್ ರಾಜ್ಯದ ಮೇಲ್ಮನೆಯಾದ ಸೆನೆಟ್‌ಗೆ ಗೆದ್ದರು. ಇಡೀ ದೇಶದಲ್ಲಿ ರಾಜ್ಯವೊಂದರ ಸೆನೆಟ್ ಸೇರಿದ ಮೊದಲ ಮಹಿಳೆ ಅವರು. ಆ ಚುನಾವಣೆಯಲ್ಲಿ ಸೋತವರಲ್ಲಿ ಅವರ ಗಂಡನೂ ಇದ್ದರು! ಕೊಲೊರಾಡೊ, ಐಡಹೋ, ವಾಷಿಂಗ್ಟನ್ ರಾಜ್ಯ, ಕ್ಯಾಲಿಫೋರ್ನಿಯಾ ಹೀಗೆ ಪಟ್ಟಿ ಬೆಳೆಯಿತು. ಬಹಳ ಕಡೆ ಗಂಡಸರೇ ಮತಪೆಟ್ಟಿಗೆಯ ಮುಂದೆ ನಿಂತು "ಕೊಡಬೇಕೋ ಬೇಡವೋ" ಅಂತ ತೀರ್ಮಾನಿಸಬೇಕಿತ್ತು. ಅವರನ್ನು ಒಪ್ಪಿಸಲು ಹೆಂಗಸರು ಊರೂರು ತಿರುಗಿದರು.

ಹಾಗೆ ತಿರುಗಿದವರಲ್ಲಿ ರ‍್ಯಾಂಕಿನ್ ಒಬ್ಬರು. 1880ರಲ್ಲಿ ಮೊಂಟಾನಾದ ಮಿಸೌಲಾ ಊರಿನ ಹತ್ತಿರ, ದನಕರು ಸಾಕುವ ಮನೆತನದಲ್ಲಿ ಹುಟ್ಟಿದರು. ಜೀವಶಾಸ್ತ್ರ ಓದಿದರು, ಶಾಲೆಯಲ್ಲಿ ಪಾಠ ಹೇಳಿದರು. 1910ರಲ್ಲಿ ವಾಷಿಂಗ್ಟನ್ ರಾಜ್ಯದ ಹೋರಾಟದಲ್ಲಿ ಕೆಲಸ ಕಲಿತರು. 1911ರಲ್ಲಿ ಮೊಂಟಾನಾದ ಶಾಸನಸಭೆಯ ಮುಂದೆ ನಿಂತು ಹೆಂಗಸರಿಗೆ ಮತದಾನದ ಹಕ್ಕು ಕೊಡಿ ಅಂತ ಮಾತಾಡಿದರು. ಮೂರು ವರ್ಷದ ಮೇಲೆ, 1914ರ ನವೆಂಬರಿನಲ್ಲಿ ಗಂಡಸರು ಸಣ್ಣ ಅಂತರದಿಂದ "ಸರಿ" ಅಂದರು. 1916ರಲ್ಲಿ ರ‍್ಯಾಂಕಿನ್ ರಿಪಬ್ಲಿಕನ್ ಪಕ್ಷದಿಂದ ನಿಂತಾಗ ಅವರಿಗೆ ಊರೂರಲ್ಲಿ ಪರಿಚಯದವರಿದ್ದರು. ಹಕ್ಕಿಗಾಗಿ ಜೊತೆಯಲ್ಲಿ ದುಡಿದ ಹೆಂಗಸರೇ ಪ್ರಚಾರಕ್ಕೂ ಇಳಿದರು. ವಕೀಲರಾಗಿದ್ದ ತಮ್ಮ ವೆಲಿಂಗ್ಟನ್ ಖರ್ಚನ್ನೂ ಓಡಾಟವನ್ನೂ ನೋಡಿಕೊಂಡರು.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಆಗ ಮೊಂಟಾನಾಕ್ಕೆ ಪ್ರತಿನಿಧಿ ಸಭೆಯಲ್ಲಿ ಎರಡು ಸೀಟು, ಆದರೆ ಬೇರೆ ಬೇರೆ ಕ್ಷೇತ್ರ ಇರಲಿಲ್ಲ. ಇಡೀ ರಾಜ್ಯವೇ ಒಂದು ಕ್ಷೇತ್ರ, ಹೆಚ್ಚು ವೋಟು ಪಡೆದ ಇಬ್ಬರಿಗೆ ಗೆಲುವು. ರ‍್ಯಾಂಕಿನ್ ಎರಡನೆಯವರಾಗಿ ಬಂದು ಗೆದ್ದರು. ಚದುರಿಹೋಗಿದ್ದ ಬೆಂಬಲವೆಲ್ಲ ಒಂದೇ ಲೆಕ್ಕಕ್ಕೆ ಸೇರಿತ್ತು. ಮರುವರ್ಷವೇ ರಾಜ್ಯವನ್ನು ಎರಡು ಕ್ಷೇತ್ರ ಮಾಡಿದರು. ರ‍್ಯಾಂಕಿನ್ ಅವರ ಪಾಲಿಗೆ ಬಂದದ್ದು ಎದುರಾಳಿ ಡೆಮಾಕ್ರಟಿಕ್ ಪಕ್ಷದ ಗಟ್ಟಿ ನೆಲೆ. ಹಾಗಾಗಿ 1918ರಲ್ಲಿ ಅಲ್ಲಿ ನಿಲ್ಲದೆ ಸೆನೆಟ್‌ಗೆ ಪ್ರಯತ್ನಪಟ್ಟು ಸೋತರು. ಅವರು ಸೋತದ್ದು ಯುದ್ಧದ ವಿರುದ್ಧ ವೋಟು ಹಾಕಿದ್ದಕ್ಕೆ ಅಂತಷ್ಟೇ ಹೇಳುವವರು ಈ ಕ್ಷೇತ್ರದ ಕಥೆಯನ್ನು ಮರೆಯುತ್ತಾರೆ.

ಯುದ್ಧದ ವೋಟು ಸಣ್ಣದು ಅಂತ ನಾನು ಹೇಳುತ್ತಿಲ್ಲ. 1917ರ ಏಪ್ರಿಲ್ 2ರಂದು ಅವರು ಪ್ರಮಾಣ ವಚನ ತೆಗೆದುಕೊಂಡರು. ನಾಲ್ಕೇ ದಿನದಲ್ಲಿ ಜರ್ಮನಿಯ ಮೇಲೆ ಯುದ್ಧ ಸಾರುವ ನಿರ್ಣಯ ಬಂತು. ಬೇಡ ಅಂದ 50 ಜನರಲ್ಲಿ ಅವರೂ ಒಬ್ಬರು. 1940ರಲ್ಲಿ ಮತ್ತೆ ಗೆದ್ದು ಬಂದರು. 1941ರ ಡಿಸೆಂಬರ್ 8ರಂದು ಜಪಾನಿನ ಮೇಲೆ ಯುದ್ಧಕ್ಕೆ 388 ಜನ ಹೌದು ಅಂದಾಗ ಬೇಡ ಅಂದವರು ಅವರೊಬ್ಬರೇ. ಅಷ್ಟು ಒತ್ತಡದಲ್ಲಿ ಒಂಟಿಯಾಗಿ ನಿಲ್ಲುವುದು ಸುಮ್ನೆ ಮಾತಲ್ಲ. ಗಾಂಧೀಜಿಯ ವಿಚಾರಗಳಿಂದ ಪ್ರಭಾವಿತರಾಗಿದ್ದ ಅವರು ಮುಂದೆ ಮತ್ತೆ ಮತ್ತೆ ಭಾರತಕ್ಕೂ ಬಂದರು.

ಈಗ 1920ಕ್ಕೆ ಬರೋಣ. 1918ರ ಜನವರಿ 10ರಂದು ಪ್ರತಿನಿಧಿ ಸಭೆಯಲ್ಲಿ ಮತದಾನದ ತಿದ್ದುಪಡಿಯ ಚರ್ಚೆ ಶುರು ಮಾಡಿದವರು ರ‍್ಯಾಂಕಿನ್. 274 ಪರ, 136 ವಿರೋಧ. ಬೇಕಿದ್ದ ಮೂರನೇ ಎರಡರಷ್ಟು ಅಂಚಿನಲ್ಲಿ ಸಿಕ್ಕಿತು, ಆದರೆ ಸೆನೆಟ್‌ನಲ್ಲಿ ಬಿದ್ದುಹೋಯಿತು. 1919ರಲ್ಲಿ ಎರಡೂ ಸದನ ಒಪ್ಪಿದಾಗ ಅವರ ಅವಧಿ ಮುಗಿದಿತ್ತು, ಒಳಗಿದ್ದವರೆಲ್ಲ ಗಂಡಸರೇ. ಅವರ ಮನಸ್ಸು ಬದಲಾಗಲು ರಾಜ್ಯಗಳ ಲೆಕ್ಕಾಚಾರವೂ ಕಾರಣ ಅನ್ನುವುದು ನನ್ನ ಅಭಿಪ್ರಾಯ. 1917ರಲ್ಲಿ ನ್ಯೂಯಾರ್ಕ್ ಕೂಡ ಹಕ್ಕು ಕೊಟ್ಟಿತ್ತು. ತಮ್ಮ ಕ್ಷೇತ್ರದಲ್ಲೇ ಹೆಂಗಸರು ಮತದಾರರಾಗಿ ಕೂತಿರುವಾಗ ವಾಷಿಂಗ್ಟನ್ನಿನಲ್ಲಿ "ಬೇಡ" ಅನ್ನುವುದು ಸುಲಭವಿರಲಿಲ್ಲ. 1920ರ ಆಗಸ್ಟ್ 18ರಂದು ಟೆನೆಸ್ಸಿ ಒಪ್ಪಿತು, ತಿದ್ದುಪಡಿ ಜಾರಿಗೆ ಬರಲು ಬೇಕಾದ 36 ರಾಜ್ಯಗಳ ಒಪ್ಪಿಗೆ ಪೂರ್ತಿಯಾಯಿತು.

ಆದರೆ 1920ರಲ್ಲೂ ಎಲ್ಲ ಹೆಂಗಸರಿಗೆ ವೋಟು ಸಿಗಲಿಲ್ಲ. ಮೂಲನಿವಾಸಿಗಳಲ್ಲಿ ಬಹಳ ಜನರನ್ನು 1924ರವರೆಗೆ ಪ್ರಜೆಗಳೆಂದೇ ಒಪ್ಪಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಹೆಂಗಸರನ್ನು ವೋಟು ಹಾಕಲು ಕಟ್ಟಬೇಕಿದ್ದ ತೆರಿಗೆ, ಓದು ಬರಹದ ಪರೀಕ್ಷೆ, ಬೆದರಿಕೆಗಳಿಂದ ದೂರ ಇಟ್ಟರು. ಅದಕ್ಕೆ ಕಾನೂನಿನ ಬಲವಾದ ತಡೆ ಬಂದದ್ದು 1965ರಲ್ಲಿ. ಭಾರತದಿಂದ ಹೋಗಿ ನೆಲೆಸಿದವರಿಗೆ ಅಲ್ಲಿನ ಪೌರತ್ವದ ಬಾಗಿಲನ್ನು ಸುಪ್ರೀಂ ಕೋರ್ಟ್ 1923ರಲ್ಲಿ ಮುಚ್ಚಿತು, 1946ರ ಕಾನೂನು ಅದನ್ನು ತೆರೆಯಿತು. ಇವತ್ತು ಅಲ್ಲಿ ಪ್ರಜೆಗಳಾಗಿ ವೋಟು ಹಾಕುತ್ತಿರುವ ಕನ್ನಡದ ಹೆಣ್ಣುಮಕ್ಕಳಿಗೆ 1920ರಷ್ಟೇ 1946 ಕೂಡ ಮುಖ್ಯವಾದ ವರ್ಷ.